ದೇವರ ಮನೆಯಲ್ಲಿ ಉಳಿದ ಪಾನಾಗಳು

ಮಾವನ ಪಾನಾಗಳನ್ನು ನೆನೆಸಿಕೊಂಡರೆ ನನಗೆ ಮೊದಲು ಕಾಣುವುದು ನೀರು. ನಡೆದ ಕ್ರಮದಲ್ಲಿ ನೀರು ಬಂದದ್ದು ಆಮೇಲೆ. ನೆನಪು ಕ್ರಮ ಕೇಳುವುದಿಲ್ಲ, ನಾನೇ ಹಿಂದಕ್ಕೆ ಹೋಗಿ ಜೋಡಿಸಬೇಕು.

ತೊಂಬತ್ತರ ದಶಕದ ನಡುವೆ, ಮಾಸ್ತರಿಕೆಯಿಂದ ನಿವೃತ್ತನಾದ ನನ್ನ ಸೋದರಮಾವ ಬೈಲಹೊಂಗಲದಲ್ಲಿ ಹಳೆಯ ವ್ಯಾನೊಂದನ್ನು ಕೊಂಡ. ಒಳಗೆ ಮಂಚ, ಸ್ಟೋವು, ನೀರಿನ ಡ್ರಮ್ಮು, ಕಿಟಕಿಗೆ ಅತ್ತೆಯ ಹಳೆ ಸೀರೆಯ ಪರದೆ. ಊರೂರು ತಿರುಗಿ ಅದರಲ್ಲೇ ಮಲಗುವುದು ಅವನ ಆಸೆ. ಅತ್ತೆಗೆ ಅದು ಬರೀ ಹುಚ್ಚು. ಕೊನೆಗೆ ಇಬ್ಬರ ನಡುವೆ ಒಂದು ಮಾತಾಯಿತು: ರಾಮದುರ್ಗದ ಅವಳ ತಂಗಿಯ ಮನೆಗೆ ಒಮ್ಮೆ ಹೋಗಿಬರುವುದು, ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಮಾರಿಬಿಡುವುದು.

ಮಾವ ತಿಂಗಳುಗಟ್ಟಲೆ ಸಾಮಾನು ಕೂಡಿಸಿದ. ಎರಡು ಫ್ಯಾನ್ ಬೆಲ್ಟು, ರಬ್ಬರ್ ಪೈಪು, ಫ್ಯೂಜು, ಡೀಸೆಲ್ ಟ್ಯಾಂಕು ಸೋರಿದರೆ ಮೆತ್ತಲು ಬಟ್ಟೆಸೋಪು, ಸೈಕಲ್ ಟ್ಯೂಬಿನ ಪಟ್ಟಿಗಳು. ಇವೆಲ್ಲ ಸೀಟಿನ ಹಿಂದೆ ಕೊಕ್ಕೆಗಳಿಗೆ ತೂಗುತ್ತಿದ್ದವು. ಬೋಲ್ಟು ಬಿಚ್ಚುವ ಪಾನಾಗಳು ಮಾತ್ರ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ.

ಖಂಡೇನವಮಿಯ ಆಯುಧಪೂಜೆಗೆ ಅತ್ತೆ ಆ ಪೆಟ್ಟಿಗೆ ಬರಿದುಮಾಡಿ, ಪಾನಾಗಳನ್ನು ತೊಳೆದು ದೇವರ ಮುಂದೆ ಸಾಲಾಗಿಟ್ಟು ಕುಂಕುಮ ಹಚ್ಚಿದಳು. ಮರುದಿನ ಸಂಜೆ ಬನ್ನಿ ಕೊಡುವ ತನಕ ಅವನ್ನು ಮುಟ್ಟುವ ಹಾಗಿಲ್ಲ. ಸೀಮೆ ದಾಟಲು ಒಳ್ಳೆಯ ದಿನವೆಂದು ನಾವು ಮೂವರು ಹೊರಟದ್ದೂ ಆ ಮರುದಿನವೇ, ಬೆಳಿಗ್ಗೆ. ಮಾವ ಪೆಟ್ಟಿಗೆ ಎತ್ತಿ ನೋಡಿದ. ಭಾರ ಸರಿಯಾಗಿಯೇ ಇತ್ತು, ಪಾನಾ ಮರಳಿ ಇಟ್ಟಿದ್ದಾಳೆ ಅಂದುಕೊಂಡ.

ಮುನವಳ್ಳಿ ದಾಟಿ ನವಿಲುತೀರ್ಥದ ಹತ್ತಿರ ಬೆಲ್ಟು ಹರಿಯಿತು. ಮಾವನ ಮುಖದಲ್ಲಿ ಗಾಬರಿಗಿಂತ ಹಿಗ್ಗೇ ಹೆಚ್ಚಿತ್ತು ಅನಿಸುತ್ತದೆ. ಇದು ನಾನು ಆಮೇಲೆ ಸೇರಿಸಿದ್ದೂ ಇರಬಹುದು. ಹೊಸ ಬೆಲ್ಟು ಹೆಗಲಿಗೆ ಹಾಕಿಕೊಂಡು ಪೆಟ್ಟಿಗೆ ತೆರೆದ. ಒಳಗೆ ಧೋತರದ ತುಂಡಿನಲ್ಲಿ ಸುತ್ತಿದ ರೊಟ್ಟಿ, ಶೇಂಗಾ ಹೋಳಿಗೆ, ಉಪ್ಪಿನಕಾಯಿಯ ಭರಣಿ. ಖಾಲಿ ಬಿದ್ದಿತ್ತಲ್ಲ, ಬುತ್ತಿ ತುಂಬಿಸಿಟ್ಟೆ ಎಂದಳು ಅತ್ತೆ.

ಚೆಂಡು ಹೂವಿನ ಮಾಲೆ ಹಾಕಿಕೊಂಡ ಟ್ರ್ಯಾಕ್ಟರೊಂದು ಬಂತು. ಕೈ ಮಾಡಿ ನಿಲ್ಲಿಸಿ ಪಾನಾ ಕೇಳಿದೆವು.

"ನಮ್ಮವೂ ಪೂಜಾಕ್ಕ ಕುಂತಾವ್ರಿ ಕಾಕಾ," ಎಂದ ಅದರ ಡ್ರೈವರ್. "ಇವತ್ತ ಈ ದಾರ್ಯಾಗ ಯಾರ ಕಡೆನೂ ಸಿಗಂಗಿಲ್ಲ."

ಬನ್ನಿ ಮುಗಿಸಿ ತಂದುಕೊಡುವುದಾಗಿ ಹೇಳಿ ಹೋದ.

ಮಾವ ರಸ್ತೆಯ ಬದಿ ಕಲ್ಲಿನ ಮೇಲೆ ಕುಳಿತ. ವ್ಯಾನಿನ ಹಿಂಬಾಗಿಲು ತೆರೆದಿತ್ತು, ಅದರಾಚೆ ಅಣೆಕಟ್ಟಿನ ಹಿನ್ನೀರು. ಪರದೆ ಉಬ್ಬಿ ಇಳಿಯುತ್ತಿತ್ತು. ನೀರಿನ ಬೆಳಕು ಒಳಗಿನ ತಗಡಿನ ಮಾಡಿನ ಮೇಲೆ ಹರಿದಾಡುತ್ತಿತ್ತು. ಅಷ್ಟು ದೂರದಿಂದ ಬೆಳಕು ಬರಲು ಸಾಧ್ಯವಿಲ್ಲ, ಆದರೂ ಬಂದಿತ್ತು. ಮೈ ಚಾಚಲೆಂದು ಒಳಗಿನ ಮಂಚದ ಮೇಲೆ ಮಲಗಿದ ಅತ್ತೆಗೆ ನಿದ್ದೆ ಹತ್ತಿತು. ಅವಳನ್ನು ಹೊತ್ತ ವ್ಯಾನು ನಿಂತಲ್ಲೇ ನೀರಿನ ಮೇಲೆ ಸಾಗುತ್ತಿರುವಂತೆ ನನಗೆ ಅನಿಸುತ್ತಿತ್ತು.

ಹೊತ್ತು ಇಳಿದಾಗ ಟ್ರ್ಯಾಕ್ಟರಿನವನು ಬಂದ. ಮೊದಲು ಎಲ್ಲರಿಗೂ ಬನ್ನಿ ಕೊಟ್ಟ, ಆಮೇಲೆ ಪಾನಾ. ಹೊಸ ಬೆಲ್ಟು ಕೂತಿತು. ಅವನು ಹೋದ ಮೇಲೆ ಮಾವ ಕೈ ಒರೆಸಿಕೊಳ್ಳುತ್ತ, "ಮಾರತೇನಿ ಬಿಡು. ಮಾತಂದ್ರ ಮಾತು," ಎಂದ.

ಅತ್ತೆ ಮಂಚದಿಂದ ಏಳಲಿಲ್ಲ. "ಪಾನಾ ಬಿಟ್ಟು ಬಂದಾಕಿ ನಾನು. ಗಾಡೀದೇನ ತಪ್ಪೈತಿ?"

"ಬೆಲ್ಟ ಹರೀತಲ್ಲ?"

"ಹಾಕಿದ್ರಲ್ಲ." ಮಗ್ಗುಲು ಬದಲಿಸಿ ನೀರಿನ ಕಡೆ ಮುಖ ಮಾಡಿದಳು. "ತಂಗಿ ಮನಿಗೆ ನಾಳೆ ಹೋಗೂಣ್ರಿ."

ಮಾವ ಗಾಡಿಯ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. ಸದ್ದಾಗದ ಹಾಗೆ ಒಳಗೆ ಬಂದು ಸ್ಟೋವಿಗೆ ಪಂಪು ಹೊಡೆಯತೊಡಗಿದ.