ಗುಡ್ಡದ ಕೆರೆಯ ಮಾಲಿ ಗಾಳೆಪ್ಪ

ಸಂಡೂರಿನ ಗುಡ್ಡದ ಮೇಲಿನ ಕೆರೆ ನೋಡಲು ಹೊಸಪೇಟೆಯಿಂದ ಯಾರೇ ಬರಲಿ, ದೊರೆಯೋ ಅಮಲ್ದಾರನೋ, ಮಾಲಿ ಗಾಳೆಪ್ಪನ ಕೈಗೆ ಸಿಕ್ಕರೆಂದರೆ ಮುಗಿಯಿತು. ಕೆರೆ, ಏರಿ, ಝರಿ ಎಲ್ಲವನ್ನೂ ತಾನೇ ಹೆತ್ತು ಸಾಕಿದವನ ಹಾಗೆ ತೋರಿಸುತ್ತಾನೆ. "ಬರ್ರಿ, ಈ ಬಂಡೆ ಮ್ಯಾಲೆ ಹತ್ರಿ, ಹಂಪಿ ಗೋಪುರ ಹ್ಯಾಂಗ ಕಾಣ್ತೈತಿ ನೋಡ್ರಿ!" ಎನ್ನುತ್ತಾನೆ. ಎದುರಿಗೆ ಬರೀ ಮಂಜಿದ್ದರೂ ಕಂಡಿತೆಂದು ಒಪ್ಪುವವರೆಗೆ ಇಳಿಯಲು ಬಿಡುವುದಿಲ್ಲ. ಹರಿಗೋಲಿನಲ್ಲಿ ಕೂಡಿಸಿಕೊಂಡು ಗಿರಗಿರನೆ ತಿರುಗಿಸಿ, ದಪ್ಪ ಹೊಟ್ಟೆಯ ಅಮಲ್ದಾರರು ದೇವರನ್ನು ಕೂಗಿಕೊಂಡರೆ ಬೊಚ್ಚುಬಾಯಿ ಅಗಲಿಸಿ ನಗುತ್ತಾನೆ. ಅದೇ ಬಾಯಿ ಗುಲಾಬಿ ತೋಟದ ಬಾಗಿಲಿಗೆ ಬಂದೊಡನೆ ಬಿಗಿಯುತ್ತದೆ. "ಕಾಲಾಗಿನ್ವು ಇಲ್ಲೇ ಬಿಡ್ರಿ. ಮೆತ್ತಗ ನಡೀರಿ. ಗದ್ಲ ಬ್ಯಾಡ." ಬೂಟು ಬಿಚ್ಚದ ದೊರೆಯನ್ನೂ ಒಳಗೆ ಬಿಟ್ಟವನಲ್ಲ. ಹೂವಿನ ಮೇಲೆ ಎಂಥ ಪ್ರೀತಿ ಎಂದು ಬಂದವರು ಬೆನ್ನು ತಟ್ಟುತ್ತಾರೆ. ಇಷ್ಟು ತುಂಬಿ ಬಿಡಲು ಯಾವ ಗೊಬ್ಬರ ಹಾಕುತ್ತೀ ಎಂದು ಯಾರಾದರೂ ಕೇಳಿದರೆ ಮಾತ್ರ, ಕಿವಿ ಕೇಳದವನ ಹಾಗೆ ಕೆರೆಯ ಕಡೆ ತಿರುಗುತ್ತಾನೆ. ಪ್ಲೇಗಿನ ವರ್ಷ ಸತ್ತ ಅವನ ಹಟ್ಟಿಯವರನ್ನೆಲ್ಲ ಮಣ್ಣು ಮಾಡಿದ್ದು ಈಗ ಗುಲಾಬಿ ಇರುವಲ್ಲಿಯೇ. ಆ ಜಾಗದಲ್ಲಿ ದೊರೆಸಾನಿಗೆ ತೋಟ ಬೇಕೆನಿಸಿ ಗೋರಿಗಳನ್ನು ಸಮ ಮಾಡಿಸುವಾಗ, ಹೆಂಡತಿ ಭರಮಮ್ಮನ ಮೇಲೆ ಬೇರೆಯವರ ಸಲಿಕೆ ಬೀಳುವುದು ಬೇಡವೆಂದು ಗಾಳೆಪ್ಪ ತಾನೇ ಆ ಕೂಲಿಗೆ ನಿಂತ. ಗುರುತಿಗೆ ಅವಳಿದ್ದಲ್ಲಿ ಒಂದು ಬಿಳಿ ಗುಲಾಬಿ ನೆಟ್ಟ. ಸಂಜೆ ಕೊನೆಯ ಗಾಡಿ ಗುಡ್ಡ ಇಳಿದ ಮೇಲೆ ಅದರ ಬುಡಕ್ಕೆ ನೀರು ಹಾಕುತ್ತ ದಿನಾ ಅದೇ ಮಾತು ಹೇಳುತ್ತಾನೆ: "ಭರಮಿ, ಎಲ್ಲಾರೂ ಹೋದ್ರು. ಇನ್ನ ಮಕ್ಕೋ."