ಅಣ್ಣನ ಫೋಟೊ ಯಾವ ಅಳತೆಗೆ?

ತಮಿಳುನಾಡಿಗೆ ಬಂದ ಮೊದಲ ದಿನವೇ ನಾನು ಬೈಸಿಕೊಂಡೆ, ಅದೂ ಕನ್ನಡದಲ್ಲಿ. ಹೊಸೂರಿನ ಮೂಕಂಡಪಲ್ಲಿಯಲ್ಲಿ ಟೆಂಪೊದಿಂದ ಸಾಮಾನು ಇಳಿಸುತ್ತಿದ್ದಾಗ ಎದುರಿನ ಜೆರಾಕ್ಸ್ ಅಂಗಡಿಯ ಹೆಂಗಸು ಹೊರಗೆ ಬಂದು, "ಯಾರಮ್ಮಾ ಇದು, ನಮ್ ಬಾಗ್ಲಿಗೇ ಬೀರು ತಂದು ನಿಲ್ಸವ್ರೆ! ಗಿರಾಕಿ ಇದ್ರ ಮೇಲ್ ಹತ್ಕಂಡ್ ಬರ್ಬೇಕಾ?" ಎಂದರು. ತಮಿಳಿನಲ್ಲಿ ಬೈದರೆ ಏನು ಮಾಡುವುದೆಂದು ಹಾವೇರಿಯಿಂದ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಕನ್ನಡದ ಬೈಗುಳಕ್ಕೆ ತಯಾರಾಗಿರಲಿಲ್ಲ. ಪರರಾಜ್ಯದಲ್ಲಿ ನಮ್ಮ ಭಾಷೆ ಆಡುವವರು ನಮ್ಮಿಂದ ಏನನ್ನೋ ಬಯಸುತ್ತಾರೆ ಎಂದುಕೊಂಡು ಆ ದಿನದಿಂದಲೇ ಅವರ ಮೇಲೆ ಒಂದು ಕಣ್ಣಿಟ್ಟೆ. ಅವರ ಹೆಸರು ಮುನಿರತ್ನಮ್ಮ.

ನಾನು ಹುಟ್ಟಾ ಸಂಶಯದವಳು, ಒಪ್ಪಿಕೊಳ್ಳುತ್ತೇನೆ. ಊರಲ್ಲಾದರೆ ಬೆನ್ನ ಹಿಂದೆ ಯಾರು ಏನು ಆಡಿಕೊಳ್ಳುತ್ತಾರೆಂದು ಗೊತ್ತಿರುತ್ತಿತ್ತು. ಇಲ್ಲಿ ಬೀದಿಯ ಜಗಳ ತೆಲುಗಿನಲ್ಲಿ ಶುರುವಾಗಿ, ತಮಿಳಿನಲ್ಲಿ ಏರಿ, ಕನ್ನಡದಲ್ಲಿ ರಾಜಿಯಾಗುತ್ತದೆ. ತಿಳಿಯದ ಮಾತೆಲ್ಲ ನನ್ನ ಬಗ್ಗೆಯೇ ಎಂದುಕೊಳ್ಳುತ್ತಿದ್ದೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾರ್ಖಾನೆಯಲ್ಲಿ ಪಕ್ಕದವಳು ನಕ್ಕರೆ ಓಣಿಯಲ್ಲಿ ಯಾರೋ ಏನೋ ಹೇಳಿರಬೇಕು ಅನ್ನಿಸುತ್ತಿತ್ತು. ನನ್ನ ಜೊತೆ ಬಂದ ಅವ್ವನಿಗೆ ರೊಟ್ಟಿಯದೇ ಚಿಂತೆ. ಒಳ್ಳೆಯ ಜೋಳದ ಹಿಟ್ಟು ಸಿಗದೆ ಒಂದು ವಾರ ಅರೆಹೊಟ್ಟೆ ಉಂಡಳು. ಮುನಿರತ್ನಮ್ಮ ಮುದ್ದೆ, ಬಸ್ಸಾರು ತಂದುಕೊಟ್ಟಾಗ ಅವ್ವ ಬಾಯಿ ಚಪ್ಪರಿಸಿದಳು. ನಾನು ಮಾತ್ರ ಇದೆಲ್ಲ ಯಾಕೆ ಎಂದು ಲೆಕ್ಕ ಹಾಕುತ್ತಿದ್ದೆ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಊರಲ್ಲಿ ಆ ದಿನ ಹಿರಿಯರ ಫೋಟೊ ಇಟ್ಟು, ಹಾರ ಹಾಕಿ, ಎಡೆ ಹಿಡಿಯುತ್ತೇವೆ. ಇಲ್ಲಿಯೂ ಅದೇ ಹಬ್ಬವಿದೆ ಎಂದು ತಿಳಿದು ಅವ್ವನಿಗೆ ಖುಷಿಯಾಯಿತು.

"ನಿಮ್ಮಪ್ಪನ ಫೋಟೊ ದೊಡ್ಡದ ಮಾಡಿಸ್ಕೊಂಡ ಬಾರವಾ. ಈರಣ್ಣಂದೂ ಮಾಡ್ಸು," ಎಂದಳು.

"ಅಣ್ಣಂದ್ಯಾಕ?"

"ಎರಡೂ ಒಂದ ಅಳತಿ ಇರ್ಲಿ. ಬಾಜೂ ಬಾಜೂ."

ಈರಣ್ಣ ನನ್ನ ಅಣ್ಣ. ಆರು ವರ್ಷದ ಹಿಂದೆ ಲಾರಿ ಕೆಲಸಕ್ಕೆಂದು ಹೋದವನು ತಿರುಗಿ ಬಂದಿಲ್ಲ. ಸತ್ತ ಸುದ್ದಿಯೂ ಇಲ್ಲ, ಇದ್ದಾನೆಂಬ ಸುದ್ದಿಯೂ ಇಲ್ಲ. ಅವ್ವ ಅವನನ್ನು ಹಿರಿಯರ ಸಾಲಿಗೆ ಸೇರಿಸಲು ಹೊರಟಿದ್ದಾಳೆ ಎಂಬ ಅನುಮಾನ ನನಗೆ ಆಗಲೇ ಬಂತು. ಕೇಳಲು ಧೈರ್ಯ ಸಾಲಲಿಲ್ಲ. ಟ್ಯಾಬ್ ಎತ್ತಿಕೊಂಡು ಎದುರಂಗಡಿಗೆ ಹೋದೆ.

"ವಾಟ್ಸಾಪ್‌ಗೆ ಕಳ್ಸಮ್ಮ, ಪ್ರಿಂಟ್ ತೆಕ್ಕೊಡ್ತೀನಿ," ಎಂದರು ಮುನಿರತ್ನಮ್ಮ.

"ಕಳಿಸೋದಿಲ್ಲ ಅಕ್ಕಾ. ನಿಮ್ಮ ಫೋನಿನಾಗ ಉಳೀತಾವ."

"ಉಳ್ಕಂಡ್ರೆ? ನಿಮ್ ಫೋಟೊ ಇಟ್ಕಂಡ್ ನಾನೇನ್ ಉಪ್ಪಿನ್ಕಾಯ್ ಹಾಕ್ಲಾ?" ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ ಅಂಗಡಿಯ ವೈಫೈ ಕೊಟ್ಟು, "ಸರಿ, ನಿನ್ ಟ್ಯಾಬಲ್ಲೇ ಜೋಡಿಸ್ಕ. ಇಲ್ಲಿಂದ ಹಾಳೆ ಮಾತ್ರ ಬತ್ತದೆ," ಎಂದರು.

ಮೊದಲ ಹಾಳೆಯಲ್ಲಿ ಅಪ್ಪನಿಗೆ ಹಣೆಯೇ ಇರಲಿಲ್ಲ. ಹಾಳೆ ತುಂಬಿಸುವ ಭರದಲ್ಲಿ ಟ್ಯಾಬ್ ತಾನೇ ಕತ್ತರಿಸಿತ್ತು. ಎರಡನೆಯದರಲ್ಲಿ ಅಪ್ಪ ಅಂಚೆ ಚೀಟಿಯಷ್ಟಾಗಿ ಮೂಲೆ ಸೇರಿದ್ದ. ಹಾಳೆ ಹಾಳುಮಾಡಿಸಲೆಂದೇ ಈಕೆ ಸುಮ್ಮನಿದ್ದಾರೆ ಅನ್ನಿಸಿತು. ಆದರೆ ಅವರು ಸ್ಟೂಲು ಎಳೆದುಕೊಂಡು ಪಕ್ಕಕ್ಕೆ ಬಂದು ಕುಳಿತರು. ಟ್ಯಾಬ್ ಮುಟ್ಟಲಿಲ್ಲ, ಬಾಯಲ್ಲೇ ಹೇಳಿದರು. ಮೊದಲು ಖಾಲಿ ಪುಟ ತೆಗೆದುಕೊಳ್ಳಬೇಕು, ಅದರ ಮೇಲೆ ಫೋಟೊ ತಂದು ಇಡಬೇಕು, ಅಗಲ ಎಷ್ಟು ಸೆಂಟಿಮೀಟರ್ ಎಂದು ಬರೆಯಬೇಕು, ಬೆರಳಲ್ಲಿ ಸರಿಸಿ ಜಾಗಕ್ಕೆ ಕೂರಿಸಬೇಕು.

"ಮೂಲೆ ಹಿಡ್ಕಂಡ್ ಎಳಿ. ಪಕ್ಕ ಹಿಡಿದ್ರೆ ನಿಮ್ಮಪ್ಪ ಊದ್ಕಂಬುಡ್ತಾರೆ. ತಲೆ ಮೇಲೆ ಕೊಂಜಂ ಜಾಗ ಬಿಡು, ಹಾರ ಬೀಳ್ತದಲ್ಲ."

ಕೊಂಜಂ ಎಂದರೆ ಸ್ವಲ್ಪ. ಇಲ್ಲಿಯ ಕನ್ನಡದಲ್ಲಿ ಆ ತಮಿಳು ಮಾತು ಸಲೀಸಾಗಿ ಓಡಾಡುತ್ತದೆ. ಕೊಂಜಂ ಜಾಗ ಬಿಟ್ಟೆ. ಅಪ್ಪ ಹಾಳೆಯ ಎಡಗಡೆ ನೆಟ್ಟಗೆ ಕುಳಿತ. ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಅದೇ ಹುಮ್ಮಸ್ಸಿನಲ್ಲಿ ಅಣ್ಣನನ್ನೂ ತಂದು, ಅದೇ ಅಗಲ ಬರೆದು, ಬಲಗಡೆ ಕೂರಿಸಿದೆ.

"ಇವ್ರೂ ಇಲ್ವಾ?" ಮುನಿರತ್ನಮ್ಮ ಕೇಳಿದರು.

"ಅದಾನ," ಎಂದೆ, ಕೊಂಚ ಗಡುಸಾಗಿಯೇ.

"ಇದ್ರೆ ಹೋದೋರ ಪಕ್ಕ ಒಂದೇ ಹಾಳೇಲಿ ಯಾಕಮ್ಮ ಇಕ್ಕಿದ್ದೀಯ? ನಾನ್ ಹಂಗೆ ಪ್ರಿಂಟ್ ಕೊಡಲ್ಲ. ಅಮಾಸೆಗೆ ಅಂತ ಯಾರ್ ಬಂದ್ರೂ ಮೊದ್ಲು ಅದನ್ನೇ ಕೇಳೋದು."

ಮನೆಯ ಗುಟ್ಟು ಕೆದಕುತ್ತಿದ್ದಾರೆ ಎಂದು ಮೈ ಉರಿಯಿತು. ಎದ್ದು ಬರಬೇಕೆಂದುಕೊಂಡೆ. ಆದರೆ ಪರದೆಯ ಮೇಲೆ ಅಪ್ಪನೂ ಅಣ್ಣನೂ ಭುಜಕ್ಕೆ ಭುಜ ಕೊಟ್ಟು ಕುಳಿತಿದ್ದರು, ಅಣ್ಣನ ತಲೆಯ ಮೇಲೂ ಹಾರಕ್ಕೆ ಜಾಗ ಬಿಟ್ಟಿದ್ದೆ. ಬಿಟ್ಟದ್ದು ಅವ್ವ ಅಲ್ಲ, ನಾನೇ. ಅದನ್ನು ಕಂಡು ನನಗೆ ಅಳು ಬಂತು.

"ಗೊತ್ತಿಲ್ಲ ಅಕ್ಕಾ," ಎಂದೆ. "ಆರು ವರ್ಷ ಆತು."

ಈ ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಅವರು ಅಯ್ಯೋ ಪಾಪ ಅನ್ನಲಿಲ್ಲ. "ಗೊತ್ತಿಲ್ದಿದ್ರೆ ಬದುಕವ್ರೆ ಅಂತ್ಲೇ ಲೆಕ್ಕ ಕಣಮ್ಮ," ಎಂದು ಎದ್ದು ಹೋಗಿ ಬೇರೆಯವರ ಆಧಾರ್ ಜೆರಾಕ್ಸ್ ಮಾಡತೊಡಗಿದರು.

ಅಪ್ಪನನ್ನು ಒಂಟಿಯಾಗಿ ನಡುವೆ ಕೂರಿಸಿ ಪ್ರಿಂಟ್ ಕೊಟ್ಟೆ. ಅಣ್ಣನಿಗೆ ಹೊಸ ಪುಟ ತೆಗೆದೆ. ಅಗಲ ಮೂರೂವರೆ, ಎತ್ತರ ನಾಲ್ಕೂವರೆ ಸೆಂಟಿಮೀಟರ್. ಅದನ್ನೇ ಮತ್ತೆ ಮತ್ತೆ ಇಳಿಸಿ ಎರಡು ಸಾಲು ಮಾಡಿದೆ, ನಡುನಡುವೆ ಕತ್ತರಿ ಆಡುವಷ್ಟು ಜಾಗ. ಪಾಸ್‌ಪೋರ್ಟ್ ಸೈಜು. ರೇಷನ್ ಕಾರ್ಡಿಗೆ, ಕೆಲಸದ ಅರ್ಜಿಗೆ, ಸಿಮ್ಮಿಗೆ ಕೇಳುವುದು ಇದನ್ನೇ. ಇದು ಓಡಾಡಿಕೊಂಡಿರುವವರ ಅಳತೆ.

ಮನೆಯಲ್ಲಿ ಅವ್ವ ಎರಡೂ ಹಾಳೆ ನೋಡಿದಳು. "ನಾ ಹೇಳಿದ್ದೇನು, ನೀ ತಂದಿದ್ದೇನು?"

"ಅಣ್ಣ ಸತ್ತಾನಂತ ನಿನಗ ಯಾರ ಹೇಳ್ಯಾರ?"

"ಯಾರೂ ಹೇಳಿಲ್ಲ." ಅವ್ವ ತಡೆದು ತಡೆದು ಮಾತಾಡಿದಳು. "ಊರಾಗಿದ್ದಾಗ ದಿನಾ ಬಾಗಿಲ ನೋಡ್ತಿದ್ದೆ. ಕೀಲಿ ಹಾಕಿ ಇಲ್ಲಿಗೆ ಬಂದ್ವಲ್ಲ, ಅವತ್ತ ಆಸೆ ಬಿಟ್ಟೆ. ಬಂದ್ರೂ ಕೀಲಿ ನೋಡಿ ಹೊಳ್ಳಿ ಹೋಗ್ತಾನ. ನಾವೆಲ್ಲಿ ಅದೀವಿ ಅಂತ ಅಂವಗ ಹೆಂಗ ತಿಳೀಬೇಕು?"

ಅವ್ವನನ್ನು ಹಟ ಹಿಡಿದು ಇಲ್ಲಿಗೆ ಕರೆತಂದವಳು ನಾನು. ನನಗೆ ಕೆಲಸ ಸಿಕ್ಕಿತ್ತು, ಅವಳಿಗೆ ಕಾಯುವ ಬಾಗಿಲು ತಪ್ಪಿತ್ತು. ನಾಚಿಕೆಯಾಯಿತು. ಕತ್ತರಿ ತಂದು ಫೋಟೊಗಳನ್ನು ಬಿಡಿಸಿದೆ. ಅಣ್ಣ ಬಂದರೆ ಅವನ ಕೈಗೆ ಕೊಡಲು ಊರಲ್ಲಿ ಯಾರ್ಯಾರ ಹತ್ತಿರ ಇಡಬೇಕೆಂದು ಅವ್ವ ಹೇಳುತ್ತ ಹೋದಳು: ಬಸ್‌ಸ್ಟ್ಯಾಂಡಿನ ಚಹಾದಂಗಡಿ, ಹಿಟ್ಟಿನ ಗಿರಣಿ, ಪಕ್ಕದ ಮನೆ. ಪ್ರತಿಯೊಂದರ ಬೆನ್ನಿಗೂ 'ಈರಣ್ಣಾ, ನಮ್ಮ ಮನೆ ಇಲ್ಲಿದೆ' ಎಂದು ಸಣ್ಣಕ್ಷರದಲ್ಲಿ ಬರೆದು ಮೂಕಂಡಪಲ್ಲಿಯ ಮನೆ ನಂಬರು, ಬೀದಿ ಎಲ್ಲ ಸೇರಿಸಿದೆ. ಈ ಊರನ್ನು ನಮ್ಮ ಮನೆ ಎಂದು ಅದುವರೆಗೆ ನಾನು ಬಾಯಲ್ಲೂ ಅಂದಿರಲಿಲ್ಲ. ಬರೆಯುವಾಗಲೂ ನಮ್ಮ ಮನೆ ಅಂದರೆ ಕಣ್ಣಿಗೆ ಕಂಡದ್ದು ಹಾವೇರಿಯ ಕೀಲಿ ಹಾಕಿದ ಬಾಗಿಲೇ.

ಹೊಸೂರಿನಲ್ಲಿ ಬಸ್ಸಿಳಿದು ಅವನು ಕನ್ನಡದ ವಿಳಾಸ ತೋರಿಸಿದರೆ ಎಲ್ಲರಿಗೂ ಓದಲು ಬರಬೇಕಲ್ಲ. ಮತ್ತೆ ಎದುರಂಗಡಿಗೆ ಹೋಗಿ, ಕೆಳಗೆ ತಮಿಳಿನಲ್ಲೂ ಬರೆದುಕೊಡಿ ಅಕ್ಕಾ ಎಂದು ಕೇಳಿದೆ. ಮುನಿರತ್ನಮ್ಮ ಕನ್ನಡಕ ಏರಿಸಿಕೊಂಡು ಒಂದೊಂದಾಗಿ ಬರೆದರು. ಅವರು ಏನು ಬರೆದರೋ, ನನಗೆ ಒಂದಕ್ಷರವೂ ತಿಳಿಯಲಿಲ್ಲ. ಹಾಗೆಯೇ ಲಕೋಟೆಗೆ ಹಾಕಿ ಊರಿಗೆ ಕಳಿಸಿದೆ.