ಗೋಡೆಗೆ ಬೆನ್ನು ಕೊಟ್ಟ ಹೊತ್ತು

ಇದು ಸುಮಾರು ಹತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಮಳವಳ್ಳಿ ತಾಲ್ಲೂಕಿನ ಒಂದು ಪಶು ಚಿಕಿತ್ಸಾಲಯದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನೌಕರಿಗೆ ಸೇರಿ ಮೂರನೆಯ ವರ್ಷ. ಮಂಡ್ಯ ಪೇಟೆಯಲ್ಲಿ ಮೇಷ್ಟ್ರ ಮಗಳಾಗಿ ಬೆಳೆದವಳಿಗೆ ಕುರಿಗಳ ಬಗ್ಗೆ ಪುಸ್ತಕದಲ್ಲಿ ಇದ್ದಷ್ಟು ಗೊತ್ತಿತ್ತು, ಕುರಿ ಸಾಕುವವರ ಬಗ್ಗೆ ಗೊತ್ತಿದ್ದುದು ಕಡಿಮೆ. ಆ ಕೊರತೆಯನ್ನು ತುಂಬುತ್ತಿದ್ದವರು ನಮ್ಮ ಜಾನುವಾರು ಅಧಿಕಾರಿ ಚಿಕ್ಕಸ್ವಾಮಿ. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ತೆಳ್ಳನೆಯ ಮನುಷ್ಯ. ಯಾರ ಮನೆಗೆ ಹೋದರೂ ಮೊದಲು ದನದ ಮೈ ಸವರಿ ಆಮೇಲೆ ಮನೆಯವರನ್ನು ಮಾತಾಡಿಸುತ್ತಿದ್ದರು. ನನ್ನನ್ನು ‘ಮೇಡಂ’ ಎಂದೇ ಕರೆದರೂ, ಊಟದ ಹೊತ್ತು ಮೀರಿದರೆ ಗದರದೆ ಬಿಡುತ್ತಿರಲಿಲ್ಲ.

ಬಂಡೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ನಾವಿಬ್ಬರೂ ಒಂದು ದಿನ ಕುರಿಗಳಿಗೆ ಪಿಪಿಆರ್ ಲಸಿಕೆ ಹಾಕಿ ಬಂದೆವು. ಪಿಪಿಆರ್ ಎಂದರೆ ಜ್ವರ, ಭೇದಿ ತಂದು ಮಂದೆಗೆ ಮಂದೆಯನ್ನೇ ಮಲಗಿಸುವ ಅಂಟುರೋಗ. ಮಾರನೆಯ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ಅದೇ ಊರಿನ ಪುಟ್ಟರಾಜು ಎಂಬ ರೈತ ಫೋನ್ ಮಾಡಿ, “ಬಂದ್ ನೋಡಿ, ನೀವ್ ಮಾಡಿರೋದ” ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಹೋಗಿ ನೋಡಿದರೆ ಅವನ ಕೊಟ್ಟಿಗೆಯ ಮುಂದೆ ಐದು ಕುರಿಗಳು ಸತ್ತು ಬಿದ್ದಿದ್ದವು. ಸುತ್ತ ಎಂಟು ಜನ ಗಂಡಸರು. ಇಬ್ಬರ ಕೈಯಲ್ಲಿ ದೊಣ್ಣೆ. ಬೇರೆ ಊರಿಗೆಂದು ತಂದಿದ್ದ ಲಸಿಕೆಯ ಐಸ್ ಪೆಟ್ಟಿಗೆ ಹಿಡಿದು ನಾನು ಬೈಕಿನಿಂದ ಇಳಿಯುತ್ತಿದ್ದಂತೆ ಅವರು ನಮ್ಮನ್ನು ಬಳಸಿಕೊಂಡು ನಿಲ್ಲತೊಡಗಿದರು.

“ಚೆನ್ನಾಗಿದ್ದ್ ಕುರೀಗೆ ಸೂಜಿ ಚುಚ್ಚಿ ಸಾಯಿಸ್ಬುಟ್ರಲ್ಲಾ! ಇಡ್ಕೊಳ್ರಲಾ, ಬುಡ್‌ಬ್ಯಾಡಿ!” ಎಂದು ಪುಟ್ಟರಾಜು ಕೂಗಿದ.

ನನ್ನ ಕಾಲು ಓಡಲು ಎದ್ದಿತ್ತು. ಚಿಕ್ಕಸ್ವಾಮಿ ನನ್ನ ತೋಳು ಹಿಡಿದು ಎರಡು ಹೆಜ್ಜೆ ಹಿಂದಕ್ಕೆ, ಕೊಟ್ಟಿಗೆಯ ಕಲ್ಲುಗೋಡೆಯತ್ತ ಎಳೆದರು. “ಬೆನ್ನು ಗ್ವಾಡೆಗೆ ಕೊಡಿ ಮೇಡಂ. ಏನೇ ಆಗ್ಲಿ, ಬೀಳ್‌ಬ್ಯಾಡಿ,” ಎಂದರು.

ಹಿಂದೆ ಗೋಡೆ, ಎಡಕ್ಕೆ ನಿಲ್ಲಿಸಿದ ಬೈಕು, ಬಲಕ್ಕೆ ಚಿಕ್ಕಸ್ವಾಮಿ. ಎಂಟು ಜನ ಇದ್ದರೂ ನನ್ನ ಎದುರಿಗೆ ಒಬ್ಬಿಬ್ಬರಿಗೆ ಮಾತ್ರ ಜಾಗ. ಹಿಂದಿದ್ದವರು ಮುಂದಿನವರನ್ನು ತಳ್ಳುತ್ತಿದ್ದರೇ ಹೊರತು ನಮ್ಮ ಮೇಲೆ ಕೈ ಹಾಕಲಾಗುತ್ತಿರಲಿಲ್ಲ. ಚಿಕ್ಕಸ್ವಾಮಿ ಎರಡೂ ಅಂಗೈ ಬಿಚ್ಚಿ ಎದೆಯ ಮಟ್ಟಕ್ಕೆ ಹಿಡಿದಿದ್ದರು. ಮುಷ್ಟಿ ಕಟ್ಟಲಿಲ್ಲ, ಬೈಯಲೂ ಇಲ್ಲ.

ಪುಟ್ಟರಾಜುವಿನ ದೊಣ್ಣೆ ಬೀಸಿ ಬಂತು. ಐಸ್ ಪೆಟ್ಟಿಗೆಯನ್ನು ಅಡ್ಡ ಹಿಡಿದೆ. ಮುಚ್ಚಳ ಹಾರಿತು, ಪೆಟ್ಟಿಗೆ ಕೈತಪ್ಪಿತು. ಎರಡನೆಯ ಏಟು ಎಡ ಮುಂಗೈ ಮೇಲೆ ಬಿತ್ತು. ಕಣ್ಣು ಕತ್ತಲಿಟ್ಟರೂ ಗೋಡೆ ಇದ್ದುದರಿಂದ ಬೀಳಲಿಲ್ಲ. ಆಗ ಅವರ ಕಾಲುಗಳ ಸಂದಿಯಲ್ಲಿ ಕಂಡದ್ದು, ಬೇಲಿಯ ಬದಿಯಲ್ಲಿ ಮಲಗಿದ್ದ ಆರನೆಯ ಕುರಿ. ಅದು ಕಾಲು ಜಾಡಿಸುತ್ತಿತ್ತು.

ನನ್ನ ಗಂಟಲಲ್ಲಿ ಅಷ್ಟು ಸದ್ದಿದೆ ಎಂದು ನನಗೇ ಗೊತ್ತಿರಲಿಲ್ಲ. “ಪುಟ್ಟರಾಜು! ಅಲ್ಲೊಂದು ಕುರಿಗೆ ಇನ್ನೂ ಜೀವ ಇದೆ. ಹೊಡೆಯೋದಾದ್ರೆ ಆಮೇಲೆ ಹೊಡೀರಿ. ಈಗ ದಾರಿ ಬಿಡಿ!”

ತನ್ನ ಹೆಸರು ಕೇಳಿ ಅವನು ತಿರುಗಿ ನೋಡಿದ. ಅವನು ತಿರುಗಿದ್ದಕ್ಕೆ ಉಳಿದವರೂ ತಿರುಗಿದರು. ದೊಣ್ಣೆ ಕೆಳಗಿಳಿಯಿತು.

ಕುರಿಯ ಬಾಯಲ್ಲಿ ಇನ್ನೂ ಜೋಳದ ಎಲೆಯ ಚೂರಿತ್ತು. ಸೂಜಿ ಚುಚ್ಚಿ ನೋಡಿದರೆ ರಕ್ತ ಹೊಳೆಯುವ ಅಚ್ಚಗೆಂಪು, ಜೋಳದ ವಿಷದ ಗುರುತು. ಕೊಯ್ದ ಜೋಳದ ಕೂಳೆ ಮಳೆಯಿಲ್ಲದೆ ಬಾಡಿ, ಮತ್ತೆ ಚಿಗುರಿದಾಗ ಅದರಲ್ಲಿ ಸಯನೈಡ್ ವಿಷ ಸೇರಿರುತ್ತದೆ. ಹಸಿದ ಕುರಿ ಅದನ್ನು ಮೇಯ್ದರೆ ಗಂಟೆಯೊಳಗೆ ಸಾಯಬಹುದು. ಅದಕ್ಕೆ ಸೋಡಿಯಂ ಥಯೋಸಲ್ಫೇಟ್ ಎಂಬ ಮದ್ದನ್ನು ರಕ್ತನಾಳಕ್ಕೆ ಕೊಡಬೇಕು. ಮದ್ದು ನನ್ನ ಚೀಲದಲ್ಲಿತ್ತು. ಆದರೆ ಕುರಿಯ ಕತ್ತಿನ ನರ ಉಬ್ಬುವಂತೆ ಒತ್ತಿ ಹಿಡಿಯಲು ಎಡಗೈ ಏಳಲೇ ಇಲ್ಲ. ಚಿಕ್ಕಸ್ವಾಮಿ ಮದ್ದು ಕಲಸುತ್ತಿದ್ದರು.

“ಇಲ್ಲಿ ಹೆಬ್ಬೆರಳಿಟ್ಟು ಒತ್ತಿ,” ಎಂದು ಪುಟ್ಟರಾಜುವಿಗೇ ಹೇಳಿದೆ. ನನಗೆ ಹೊಡೆದ ಅದೇ ಕೈಯಿಂದ ಅವನು ಒತ್ತಿ ಹಿಡಿದ.

ಸ್ವಲ್ಪ ಹೊತ್ತಿನಲ್ಲೇ ಕುರಿ ತಲೆ ಎತ್ತಿತು. ಆಮೇಲೆ ಮುಗ್ಗರಿಸಿ ಎದ್ದು ನಿಂತಿತು. ಪುಟ್ಟರಾಜು ಮಣ್ಣಿನಲ್ಲೇ ಕುಳಿತು, “ನಾನೇ ಕಣವ್ವ ಬೆಳಿಗ್ಗೆ ಆ ವಲಕ್ಕೆ ಬುಟ್ಟಿದ್ದು,” ಎಂದ.

ಮಳವಳ್ಳಿ ಆಸ್ಪತ್ರೆಗೆ ಹೋಗುವಾಗ ಬೈಕಿನ ಹಿಂದೆ ಕುಳಿತು ಚಿಕ್ಕಸ್ವಾಮಿಯವರನ್ನು ಕೇಳಿದೆ: “ಗೋಡೆಯ ವಿದ್ಯೆ ಎಲ್ಲಿ ಕಲಿತಿರಿ?”

“ಸರ್ವೀಸ್‌ಗೆ ಸೇರಿದ ಒಸದ್ರಲ್ಲಿ, ಮದ್ದೂರ್ ಕಡೆ. ಇಂಗೇ ಸುತ್ಕೊಂಡ್ರು. ಓಡಕ್ಕೋಗಿ ಬಿದ್ದೆ ಮೇಡಂ, ಬಿದ್ಮೇಲೆ ಎಲ್ರೂ ತುಳುದ್ರು. ಮುಂದ್ಗಡೆ ಎರಡ್ ಅಲ್ಲು ಕಟ್ಟಿಸ್ಕೊಂಡಿರವು,” ಎಂದು ನಕ್ಕರು. ನಾನು ಅಳುತ್ತಿದ್ದೆ. ಅದು ಗೊತ್ತಾಗಿಯೂ ಅವರು ತಿರುಗಿ ನೋಡಲಿಲ್ಲ, ಬೈಕು ಮಾತ್ರ ನಿಧಾನ ಮಾಡಿದರು.

ಮೂಳೆ ಬಿರುಕು ಬಿಟ್ಟಿತ್ತು. ನಾನು ಪೊಲೀಸರಿಗೆ ದೂರು ಕೊಟ್ಟೆ, ಕೊಡಲೇಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಪುಟ್ಟರಾಜು ಹೆಂಡತಿಯೊಂದಿಗೆ ಠಾಣೆಗೆ ಬಂದು ತಪ್ಪೊಪ್ಪಿಕೊಂಡು ಬರೆದುಕೊಟ್ಟ. ಮುಂದಿನ ಲಸಿಕೆಯ ದಿನ ಊರಿನ ಪ್ರತಿ ಕುರಿಯನ್ನೂ ಹಿಡಿದುಕೊಟ್ಟವನು ಅವನೇ. ಒಬ್ಬ ಮುದುಕ ಗೊಣಗಿದಾಗ, “ಸುಮ್ಕೆ ಇಡ್ಕೊಳಪ್ಪೋ, ಇವರ್ಗೆ ಒಡ್ದು ಬುದ್ಧಿ ಕಲ್ತೋನು ನಾನು,” ಎಂದ.

ಆ ಕುರಿ ಕಾಲು ಜಾಡಿಸದೇ ಇದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಹೊಸ ವೈದ್ಯರು ಕೇಳುತ್ತಾರೆ. ಒಂದು ಸಂದಿ ಸಿಕ್ಕರೂ ಸಾಕು, ಓಡುತ್ತಿದ್ದೆ. ಅದರಲ್ಲಿ ನಾಚಿಕೆ ಏನಿಲ್ಲ. ಗುಂಪಿನ ಎದುರು ಗೆಲ್ಲಬೇಕೆಂದು ಹೋಗಬೇಡಿ, ನಿಂತೇ ಇರಿ, ಕೂಗಿ, ದಾರಿ ಕಂಡ ಕೂಡಲೇ ಹೊರಬನ್ನಿ ಎನ್ನುತ್ತೇನೆ. ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ಲಸಿಕೆ ಹಾಕುವ ದಿನ ಕುರಿಯ ಲೆಕ್ಕ ಬರೆದುಕೊಂಡರೆ ಸಾಲದು, ಕುರಿಯವನ ಹೆಸರನ್ನೂ ನೆನಪಿಟ್ಟುಕೊಳ್ಳಿ.